ಹಗ್ಗದ ಕೊನೆಯ ಮುಖ

ಸೆಪ್ಟೆಂಬರ್ 7, ಭಾನುವಾರ

ಇವತ್ತು ನನ್ನನ್ನು ಹಗ್ಗದಿಂದ ತೆಗೆದುಹಾಕಿದರು.

ನ್ಯಾಯವಾಗಿಯೇ ತೆಗೆದರು ಎಂದು ಬರೆಯಬೇಕು. ಇದನ್ನು ಓದುವವಳು ನಾನೊಬ್ಬಳೇ. ನನಗೇ ನಾನು ಸುಳ್ಳು ಹೇಳಿಕೊಂಡು ಯಾರನ್ನು ಉದ್ಧಾರ ಮಾಡಬೇಕು? ಟೈಲರ್ ಮನೆಯವರ ಜೊತೆ ಅಭ್ಯಾಸದ ಪಂದ್ಯ. ಅವರು ಆರು, ನಾವು ಆರು. ಮುಂದೆ ಚಿಕ್ಕಪ್ಪ, ಆಮೇಲೆ ಚಿಕ್ಕಮ್ಮ, ಅಕ್ಕ, ಅಮ್ಮ, ನಾನು, ಕೊನೆಗೆ ಮೈಗೆ ಹಗ್ಗ ಸುತ್ತಿಕೊಂಡು ಅಪ್ಪ. ಹಗ್ಗ ಕಬ್ಬಿಣದ ಸಲಾಕೆಯ ಹಾಗೆ ಬಿಗಿಯಾಗಿ ನಿಂತಿತ್ತು. ಅಷ್ಟರಲ್ಲಿ ಬೇಲಿಯಾಚೆ ಯಾರೋ ಒಂಟಿ ಚಕ್ರದ ಸೈಕಲ್ ಹೊಡೆದುಕೊಂಡು ಹೋದರು. ಒಂಟಿ ಚಕ್ರ! ತಿರುಗಿ ನೋಡದೆ ಇರುವುದು ಹೇಗೆ? ನೋಡಿದೆ, ಎಡಗಾಲು ಎದ್ದಿತು. ಅದೇ ಹೊತ್ತಿಗೆ ಬೆನ್ನ ಹಿಂದಿನಿಂದ ಹಗ್ಗ ಸಡಿಲವಾಯಿತು. ಆರೂ ಜನ ಸಾಲಾಗಿ ಮಣ್ಣು ಮುಕ್ಕಿದೆವು.

ಚಿಕ್ಕಪ್ಪ ನಮ್ಮ ನಾಯಕ. ಬಾಯಿಂದ ಮಣ್ಣು ಉಗುಳಿ ಹೇಳಿದ: "ಇವಳ ಕಾಲಲ್ಲಿ ಚಕ್ರ ಇದೆ. ಚಕ್ರ ಇರೋದನ್ನ ಹಗ್ಗಕ್ಕೆ ಕಟ್ಟಿದ್ರೆ ಗಾಡಿ ಮುಂದಕ್ಕೇ ಹೋಗೋದು. ನಮಗೆ ಹಿಂದಕ್ಕೆ ಹೋಗಬೇಕು."

ನನ್ನ ಜಾಗ ಭಾವನಿಗೆ ಹೋಯಿತು. ಈ ತಿಂಗಳ ಕೊನೆಯ ಭಾನುವಾರ ನಮ್ಮ ಬೀದಿಯ ಮನೆಮನೆಗಳ ವರ್ಷದ ಹಗ್ಗಜಗ್ಗಾಟ. ಲಾಂಡ್ರಿ ಮನೆಯವರಾದ ನಾವು ಬೇಕರಿ ಮನೆಯವರ ಎದುರು ಇದುವರೆಗೆ ಗೆದ್ದದ್ದೇ ಇಲ್ಲ. ಅವರು ದಿನಾ ಹಿಟ್ಟು ನಾದುತ್ತಾರೆ, ನಾವು ದಿನಾ ಒದ್ದೆ ಬೆಡ್‌ಶೀಟ್ ಹಿಂಡುತ್ತೇವೆ. ತೋಳಿನ ಲೆಕ್ಕದಲ್ಲಿ ಸರಿಸಮ. ಆದರೂ ಪ್ರತಿ ಸಲ ಕೊನೇ ಗಳಿಗೆಯಲ್ಲಿ ನಾವೇ ಜಾರುತ್ತೇವೆ.

ನನ್ನ ಮೋರೆ ನೋಡಿ ಅಜ್ಜಿ ತನ್ನ ಮಡಿಸುವ ಕುರ್ಚಿಯಿಂದಲೇ ತೀರ್ಪು ಕೊಟ್ಟಳು: "ನಮ್ಮ ಹತ್ರ ನೆಟ್ಟಗಿರೋ ಒಂದು ಫೋಟೋ ಇದೆಯಾ? ಫೋನಲ್ಲಿ ತೆಗ್ದಿದ್ದು ನೋಡಿದ್ರೆ ಇರುವೆ ಸಾಲು. ಒಂದು ಒಳ್ಳೆ ಕ್ಯಾಮೆರಾ ನಾನು ಕೊಡಿಸ್ತೀನಿ. ಆರಿಸೋದು, ತೆಗೆಯೋದು ಎಲ್ಲಾ ಇವಳು."

"ಇವಳಾ?" ಅಕ್ಕ ಬೆರಳು ಮಡಿಸತೊಡಗಿದಳು. "ಸ್ಕೂಲು ಅರ್ಧಕ್ಕೆ. ಹೊಲಿಗೆ ಕ್ಲಾಸು ಅರ್ಧಕ್ಕೆ. ಡ್ರೈವಿಂಗು, ರಿವರ್ಸ್ ಕಲಿಯೋಕೆ ಮುಂಚೆ."

"ರಿವರ್ಸ್ ಬರ್ತಿತ್ತು," ಎಂದೆ. "ಮುಂದೆ ಹೋಗೋದೇ ಬರ್ತಿರ್ಲಿಲ್ಲ."

ಅಪ್ಪ ಮಾತ್ರ ಹಗ್ಗ ಸುತ್ತುತ್ತಾ ಭಾವನ ಬೆನ್ನನ್ನು ಬೇಸರದಿಂದ ನೋಡಿದ. "ಇನ್ಮೇಲೆ ನನ್ನ ಮುಂದೆ ಅಳಿಯಂದ್ರಾ? ಅಗಲ ಜಾಸ್ತಿ ಆಯ್ತಲ್ಲ. ಆಚೆ ಏನೂ ಕಾಣಲ್ಲ."

ಸೆಪ್ಟೆಂಬರ್ 9, ಮಂಗಳವಾರ

ಹಳೆಯ ಕ್ಯಾಮೆರಾಗಳ ಅಂಗಡಿಗೆ ಹೋದೆ. ಗಾಜಿನ ಕಪಾಟಿನ ತುಂಬ ಕಪ್ಪು ಕಣ್ಣುಗಳು. ಅಂಗಡಿಯಾಕೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು.

"ತಲೆ ಮೇಲಿದೆ ಮೇಡಂ."

"ಬೆಳಿಗ್ಗೆಯಿಂದ ನಾಲ್ಕು ಜನ ಬಂದು ಹೋದ್ರು, ಒಬ್ರೂ ಹೇಳ್ಲಿಲ್ಲ ನೋಡು! ಏನ್ ಬೇಕಮ್ಮ?"

ಮೊದಲ ಕ್ಯಾಮೆರಾ, ಬಯಲಲ್ಲಿ ತೆಗೆಯುವುದು, ಮನೆಯವರ ಆಟ ತೆಗೆಯುವುದು ಎಂದೆ. "ಸ್ಪೋರ್ಟ್ಸ್ ಅಂದ್ಮೇಲೆ ಸ್ಪೀಡು ಬೇಕು," ಎಂದು ಅವರು ಒಂದು ದಪ್ಪ ಕ್ಯಾಮೆರಾ ಇಳಿಸಿದರು. ನನ್ನ ಮೊಣಕೈ ಉದ್ದದ ಲೆನ್ಸು. ಗುಂಡಿ ಒತ್ತಿ ಹಿಡಿದರೆ ಹೊಲಿಗೆ ಯಂತ್ರದ ಹಾಗೆ ಟಕಟಕ ಎಂದು ಓಡುತ್ತದೆ. ದೂರದ ಕಟ್ಟಡದ ಮೇಲೆ ಕೂತ ಪಾರಿವಾಳದ ಕಣ್ಣು ಕಾಣಿಸಿತು. ನನಗಂತೂ ಸ್ವರ್ಗಕ್ಕೆ ಮೂರೇ ಗೇಣು.

"ತಗೊಂಡು ಹೋಗು, ಬಳಸಿ ನೋಡು, ಸರಿ ಬರದಿದ್ರೆ ತಂದುಕೊಡು," ಎಂದರು. "ಮೊದಲನೇ ಕ್ಯಾಮೆರಾ ಚಪ್ಪಲಿ ಥರ. ಅಂಗಡೀಲಿ ನಿಂತು ಗೊತ್ತಾಗಲ್ಲ, ನಡೆದು ನೋಡ್ಬೇಕು."

"ಮೊದಲೇ ಹೇಳಿಬಿಡ್ತೀನಿ ಮೇಡಂ, ನಾನು ಯಾವ್ದನ್ನೂ ಪೂರ್ತಿ ಮಾಡೋಳಲ್ಲ."

"ಕ್ಯಾಮೆರಾ ಪೂರ್ತಿ ಮಾಡೋ ವಸ್ತು ಅಲ್ಲ, ಬಿಡು."

ಸೆಪ್ಟೆಂಬರ್ 10, ಬುಧವಾರ

ಲಾಂಡ್ರಿಯಲ್ಲಿ ಎಲ್ಲರನ್ನೂ ತೆಗೆದೆ. ಇಸ್ತ್ರಿಯ ಉಗಿಯೊಳಗೆ ಚಿಕ್ಕಮ್ಮ. ಒಗೆಯುವ ಯಂತ್ರದ ದುಂಡು ಬಾಗಿಲಲ್ಲಿ ಅಮ್ಮನ ಪ್ರತಿಬಿಂಬ. ಎಲ್ಲವೂ ಕಪ್ಪು ಕಪ್ಪು. ಶಟರಿನ ಸ್ಪೀಡನ್ನು ಸಾವಿರ ಎಂದು ಇಟ್ಟಿದ್ದೆ. ಸಾವಿರ ಎಂದರೆ ಜಾಸ್ತಿ ಬೆಳಕು ಎಂದುಕೊಂಡಿದ್ದೆ.

ಮೇಲಿನ ಮನೆಯಿಂದ ಇಳಿದು ಬಂದ ಅಕ್ಕ ಹಣೆ ಚಚ್ಚಿಕೊಂಡಳು. "ಅದು ಬೆಳಕು ಒಳಗೆ ಬರೋ ಹೊತ್ತು, ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಕಣೇ. ಒಂದು ಬ್ರೆಡ್ಡನ್ನ ಅರವತ್ತು ಜನಕ್ಕೆ ಹಂಚಿದ್ರೆ ಚೂರು ದೊಡ್ಡದಾ, ಸಾವಿರ ಜನಕ್ಕೆ ಹಂಚಿದ್ರೆ ದೊಡ್ಡದಾ?"

"ಅರವತ್ತು."

"ಅಷ್ಟೇ. ಸ್ಕೂಲಲ್ಲಿ ಇದನ್ನೇ ಕಲಿಸ್ತಿದ್ದಾಗ ನೀನು ಕಿಟಕಿ ಹಾರಿ ಹೋಗಿದ್ದೆ."

ಕಿಟಕಿ ಹಾರಿದ್ದು ನಿಜ. ಆದರೆ ಅಲ್ಲಿ ಯಾರೂ ಬ್ರೆಡ್ಡಿನ ಮಾತೆತ್ತಿರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಬೇಲಿಯ ಪಕ್ಕ ನಿಂತು ಇಡೀ ಅಭ್ಯಾಸವನ್ನು ತೆಗೆದೆ. ಟಕಟಕ ಟಕಟಕ. ಬೆರಳು ನೋಯುವಷ್ಟು ತೆಗೆದೆ. ಮನೆಗೆ ಬಂದು ಟಿ.ವಿ.ಗೆ ಜೋಡಿಸಿ ಎಲ್ಲರನ್ನೂ ಕೂರಿಸಿದೆ.

ಮೊದಲ ಚಿತ್ರ: ಆರು ಜನ ಹಗ್ಗ ಹಿಡಿದು ವಾಲಿದ್ದಾರೆ. ಎರಡನೆಯದು: ಅದೇ ಆರು ಜನ, ಅದೇ ವಾಲು. ಮೂರನೆಯದು, ಮೂವತ್ತನೆಯದು, ಎಲ್ಲವೂ ಅದೇ. ನಮ್ಮ ಆಟದ ಹಣೆಬರಹವೇ ಇಷ್ಟು. ಜೀವ ಹೋಗುವಷ್ಟು ಎಳೆದರೂ ಯಾರೂ ಅಲುಗುವುದಿಲ್ಲ. ಬೇರೆ ಆಟದವರು ಓಡುತ್ತಾರೆ, ಹಾರುತ್ತಾರೆ, ಚೆಂಡು ಗಾಳಿಯಲ್ಲಿರುತ್ತದೆ. ಅವರಿಗೆ ಸಾವಿರದಲ್ಲೊಂದು ಪಾಲು ಬೇಕು. ಇವರಿಗೆ ಸ್ಪೀಡು ಎಂದರೆ ಮಲಗಿದವನಿಗೆ ಶೂ ಕೊಟ್ಟ ಹಾಗೆ.

ಅಜ್ಜಿ ಬಹಳ ಹೊತ್ತು ಟಿ.ವಿ. ನೋಡಿ ಹೇಳಿದಳು: "ನಿಮ್ಮನ್ನೆಲ್ಲ ಒಗೆದು ಹಗ್ಗದ ಮೇಲೆ ಒಣಹಾಕಿದ ಹಾಗಿದೆ."

ಅಮ್ಮ ನಕ್ಕು ನಕ್ಕು ಸೋಫಾದಿಂದ ಜಾರಿದಳು. ಚಿಕ್ಕಪ್ಪನಿಗೆ ಮಾತ್ರ ನಗು ಬರಲಿಲ್ಲ, ಇವತ್ತೂ ನಾವು ಸೋತಿದ್ದೆವು. ಭಾವ ಕಾಲೆತ್ತಿರಲಿಲ್ಲ, ಒಂಟಿ ಚಕ್ರದ ಸೈಕಲ್ಲೂ ಬಂದಿರಲಿಲ್ಲ. "ಹಗ್ಗ ಎಲ್ಲಿಂದ ಬಿಡ್ತಿದೆ?" ಎಂದು ಅವನು ಚಿತ್ರಗಳನ್ನು ಹಿಂದೆ ಮುಂದೆ ಓಡಿಸಿದ. ಏನೂ ಸಿಗಲಿಲ್ಲ. ಶೂ ಬದಲಾಯಿಸಬೇಕು ಎಂದು ತೀರ್ಮಾನಿಸಿದ. ಪ್ರತಿ ಸಲದ ತೀರ್ಮಾನವೂ ಅದೇ.

ಸೆಪ್ಟೆಂಬರ್ 15, ಸೋಮವಾರ

"ಬೇಡ ಮೇಡಂ," ಎಂದು ದಪ್ಪ ಕ್ಯಾಮೆರಾವನ್ನು ಮುಂದಿಟ್ಟೆ. "ಕ್ಯಾಮೆರಾ ಚೆನ್ನಾಗಿದೆ. ನನ್ನ ಫೋಟೋಗಳೇ ದರಿದ್ರ."

"ಯಾವ ಆಟ ಅಂದೆ?"

"ನೀವು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಹಗ್ಗಜಗ್ಗಾಟ."

ಅವರು ಗಟ್ಟಿಯಾಗಿ ನಕ್ಕರು. "ಅಯ್ಯೋ, ನಾನು ಕುದುರೆಗೆ ಅಂತ ಜೀನು ಕೊಟ್ಟೆ, ನೀನು ಎಮ್ಮೆಗೆ ಹಾಕಿದ್ದೀಯ!" ಆಮೇಲೆ ಕೆಳಗಿನ ಕಪಾಟಿನಿಂದ ಒಂದು ಪುಟ್ಟದನ್ನು ತೆಗೆದರು. ಸಾಬೂನಿನ ಡಬ್ಬಿಯಷ್ಟು. ಲೆನ್ಸು ಹೊರಗೆ ಚಾಚುವುದೂ ಇಲ್ಲ, ಒಳಗೆ ಹೋಗುವುದೂ ಇಲ್ಲ. ದೂರದ್ದನ್ನು ಹತ್ತಿರ ತರಲು ಗುಂಡಿಯೇ ಇಲ್ಲ.

"ಹಾಗಾದ್ರೆ ಹತ್ತಿರದಿಂದ ಬೇಕು ಅಂದ್ರೆ?"

"ಕಾಲಿದೆಯಲ್ಲ. ನಡ್ಕೊಂಡು ಹೋಗು. ಬೇಕಾದ್ರೆ ಮಣ್ಣಲ್ಲಿ ಹೊಟ್ಟೆ ಮೇಲೆ ಮಲ್ಕೋ. ಇದಕ್ಕೆ ನೀರು, ಧೂಳು ಏನೂ ಆಗಲ್ಲ." ಅವರು ಒರೆಸುತ್ತಾ ಹೇಳಿದರು, "ಎರಡರಲ್ಲಿ ಯಾವ್ದು ಅಂತ ಪಂದ್ಯದ ಹಿಂದಿನ ದಿನ ಹೇಳು. ದಪ್ಪದ್ದನ್ನ ಅಲ್ಲೀವರೆಗೂ ಎತ್ತಿಟ್ಟಿರ್ತೀನಿ."

ಮೋಸ ಹೋದೆನೇನೋ ಎನ್ನಿಸಿತು. ನೋಡಲಿಕ್ಕೆ ಆಟದ ಸಾಮಾನಿನ ಹಾಗಿದೆ.

ಸೆಪ್ಟೆಂಬರ್ 16, ಮಂಗಳವಾರ

ವಿಶೇಷ ಏನೂ ಇಲ್ಲ. ಕ್ಯಾಮೆರಾದ ಜೊತೆ ಬಂದ ಪುಸ್ತಕ ಓದಿದೆ. ಎರಡನೇ ಸಲ.

ಸೆಪ್ಟೆಂಬರ್ 18, ಗುರುವಾರ

ಸಂಜೆಯ ಅಭ್ಯಾಸದಲ್ಲಿ ನಿಜವಾಗಿಯೂ ಹೊಟ್ಟೆಯ ಮೇಲೆ ಮಲಗಿದೆ.

ಅಲ್ಲಿಂದ ನೋಡಿದರೆ ಅದು ಬೇರೆಯೇ ಆಟ! ಹಗ್ಗ ಅಲುಗುವುದಿಲ್ಲ ಎಂದು ಬರೆದಿದ್ದೆನಲ್ಲ, ತಪ್ಪು. ಹಗ್ಗ ನಡುಗುತ್ತದೆ, ತಂತಿಯ ಹಾಗೆ. ಚಿಕ್ಕಪ್ಪನ ಶೂ ಇಷ್ಟಿಷ್ಟೇ ಮಣ್ಣನ್ನು ತಳ್ಳಿ ಮುಂದೆ ಪುಟ್ಟ ಗುಡ್ಡ ಕಟ್ಟುತ್ತದೆ. ಚಿಕ್ಕಮ್ಮ ಕಣ್ಣು ಮುಚ್ಚಿ ಏನನ್ನೋ ಎಣಿಸುತ್ತಾಳೆ. ಅಕ್ಕ ಕೆಳತುಟಿ ಕಚ್ಚುತ್ತಾಳೆ. ಅಮ್ಮನ ಮುಂಗೈಯಲ್ಲಿ ಒಂದು ನರ ಎದ್ದು ಮೊಣಕೈಯವರೆಗೆ ಹೋಗುತ್ತದೆ; ಬೆಡ್‌ಶೀಟ್ ಹಿಂಡುವಾಗ ದಿನಾ ಅವಳೆದುರೇ ನಿಂತಿದ್ದರೂ ನಾನದನ್ನು ನೋಡಿರಲಿಲ್ಲ. ಒಬ್ಬೊಬ್ಬರ ಪಕ್ಕದಲ್ಲೂ ಮಲಗಿ, ಆ ಒಂದು ಗಳಿಗೆ ಬರುವ ತನಕ ಕಾದು, ಒಂದೊಂದೇ ತೆಗೆದೆ. ಅಮ್ಮನವರೆಗೆ ಬರುವಷ್ಟರಲ್ಲಿ ಬೆಳಕು ಹೋಯಿತು. ಭಾವ, ಅಪ್ಪ ಉಳಿದರು.

ಇನ್ನೊಂದು ವಿಷಯ ಗೊತ್ತಾಯಿತು. ಹಗ್ಗ ಎಳೆಯುವವರೆಲ್ಲ ಎದುರಾಳಿಯ ಕಡೆ ಮುಖ ಮಾಡಿರುತ್ತಾರೆ. ಹಾಗಾಗಿ ತಮ್ಮ ಮುಂದಿರುವವರ ಬೆನ್ನು ಬಿಟ್ಟು ತಮ್ಮವರದು ಏನೂ ಕಾಣುವುದಿಲ್ಲ. ನೋಡಲು ಬಂದವರ ಕಣ್ಣೆಲ್ಲ ಹಗ್ಗದ ನಡುವೆ ಕಟ್ಟಿದ ಕೆಂಪು ಬಟ್ಟೆಯ ಮೇಲೆ. ಮುಖಗಳನ್ನು ಯಾರೂ ನೋಡುವುದೇ ಇಲ್ಲ.

ಮನೆಗೆ ಬಂದ ಮೇಲೆ ಅಮ್ಮ, "ಈ ಮಣ್ಣಂಗಿ ಯಂತ್ರಕ್ಕೆ ಹಾಕಿದ್ರೆ ಹೋಟೆಲಿನವರ ದಿಂಬೆಲ್ಲ ಕೆಂಪಾಗುತ್ತೆ. ಕೈಯಲ್ಲೇ ಒಗಿ," ಎಂದಳು. ಒಗೆದೆ. ಊಟ ಮಾಡಿಲ್ಲ ಎಂದು ಆಮೇಲೆ ನೆನಪಾಯಿತು.

ಸೆಪ್ಟೆಂಬರ್ 21, ಭಾನುವಾರ

ಸಿಕ್ಕಿತು. ಸಿಗಬಾರದಿತ್ತೋ ಏನೋ.

ಟೈಲರ್ ಮನೆಯವರ ಜೊತೆ ಮತ್ತೆ ಪಂದ್ಯ. ಇವತ್ತು ಸಾಲಿನ ಕಟ್ಟಕಡೆಗೆ ಹೋಗಿ, ಅಪ್ಪನ ಓರೆಯಲ್ಲಿ ಮಲಗಿದೆ. ಭಾವನ ಅಗಲ ಬೆನ್ನಿನ ಮರೆಯಲ್ಲಿ ಅಪ್ಪನಿರುವುದು ಎದುರಿನವರಿಗೆ ಕಾಣುವುದೇ ಇಲ್ಲ. ಹಗ್ಗ ಬಿಗಿಯಾಯಿತು. ಅಪ್ಪ ಹಿಮ್ಮಡಿ ಊರಿ ಬಂಡೆಯ ಹಾಗೆ ಕೂತ. ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ. ಆಗ ಅಪ್ಪನ ಗಲ್ಲ ಅದುರಿತು. ನೋವೇನೋ ಎಂದು ನಾನು ಏಳುವವಳಿದ್ದೆ. ನೋವಲ್ಲ. ಅಪ್ಪ ನಗುತ್ತಿದ್ದ!

ಸದ್ದೇ ಇಲ್ಲದ ನಗು. ಕಣ್ಣು ಮುಚ್ಚಿಹೋಗಿ, ಕೆನ್ನೆ ಉಬ್ಬಿ, ಹೊಟ್ಟೆ ಕುಣಿದು, ಮೊಣಕಾಲು ಬೆಣ್ಣೆಯಾಗಿ. ಕೊನೆಯವನ ಮೈಗೆ ಹಗ್ಗ ಸುತ್ತಿರುತ್ತದೆ; ಅವನು ಸಡಿಲವಾದರೆ ಎಲ್ಲರೂ ಸಡಿಲ. ಎಲ್ಲರೂ ಮುಗ್ಗರಿಸಿದರು. ನಾಲ್ಕು ಚಿತ್ರ ತೆಗೆದಿದ್ದೆ. ಎರಡು ಅಲುಗಿ ಹಾಳಾಗಿವೆ, ಏಕೆಂದರೆ ಆ ಮುಖ ನೋಡಿ ನನಗೂ ನಗು ತಡೆಯಲಾಗಲಿಲ್ಲ.

ಆಮೇಲೆ ನಗು ನಿಂತು ಯೋಚನೆ ಶುರುವಾಯಿತು. ಹೋದ ವರ್ಷ ಭಾರೀ ಒಗೆಯುವ ಯಂತ್ರವನ್ನು ಮೆಟ್ಟಿಲು ಹತ್ತಿಸುವಾಗಲೂ ಅಪ್ಪ ಹೀಗೇ ನಕ್ಕು ಚಿಕ್ಕಪ್ಪನ ಕಾಲ ಮೇಲೆ ಬಿಟ್ಟಿದ್ದ. ಅಂದರೆ ಇಷ್ಟು ವರ್ಷ ಹಗ್ಗ ಬಿಡುತ್ತಿದ್ದದ್ದು ಇಲ್ಲಿಂದ. ಸರಿಯಾಗಿ ನನ್ನ ಬೆನ್ನ ಹಿಂದಿನಿಂದ. ಹಾಗಾಗಿಯೇ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು.

ಈ ಚಿತ್ರ ತೋರಿಸಿದರೆ ನನ್ನ ಮೇಲಿನ ಅಪವಾದ ತೊಳೆದುಹೋಗುತ್ತದೆ. ಆದರೆ ಅಪ್ಪನ ಜಾಗ ಹೋಗುತ್ತದೆ. ಆ ಕೊನೆಯ ಜಾಗವೆಂದರೆ ಅಪ್ಪನಿಗೆ ಪ್ರಾಣ. ವಾರವಿಡೀ ಇಸ್ತ್ರಿ ಮೇಜಿನ ಮುಂದೆ ಬಾಯಿ ಬಿಡದವನು ಭಾನುವಾರ ಹಗ್ಗ ಸುತ್ತಿಕೊಳ್ಳುವಾಗ ಸಿಳ್ಳೆ ಹಾಕುತ್ತಾನೆ.

"ಏನಾದ್ರೂ ಸಿಕ್ತಾ?" ಎಂದ ಚಿಕ್ಕಪ್ಪ.

"ಸಿಕ್ತು."

"ತೋರ್ಸು."

"ಈಗ ತೋರ್ಸಲ್ಲ."

"ಯಾಕೆ?"

"ಅದನ್ನೂ ಈಗ ಹೇಳಲ್ಲ."

"ಏನೂ ಸಿಗ್ಲಿಲ್ಲ ಅಂತ ಒಂದು ಸುಳ್ಳಾದ್ರೂ ಹೇಳ್ಬಾರ್ದಾ ಮಾರಾಯ್ತಿ? ಈಗ ನನಗೆ ನಿದ್ದೆ ಬರಲ್ಲ!" ಎಂದು ಅವನು ಶೂ ಬಿಚ್ಚಿ ಎಸೆದ.

ಸೆಪ್ಟೆಂಬರ್ 22, ಸೋಮವಾರ

ಬೆಳಿಗ್ಗೆ ಬೆಡ್‌ಶೀಟ್ ಮಡಿಸಲು ಬೇಕೆಂದೇ ಅಪ್ಪನ ಜೊತೆ ನಿಂತೆ. ನಾಲ್ಕು ಮೂಲೆ ಹಿಡಿದು ಜಗ್ಗುವುದು, ಹತ್ತಿರ ಬಂದು ಮೂಲೆಗೆ ಮೂಲೆ ಕೊಡುವುದು, ಮತ್ತೆ ಹಿಂದೆ ಹೋಗುವುದು. ಹತ್ತಿರ ಬಂದಾಗ ಒಂದು ಸಲ ಮೂಲೆಯ ಬದಲು ಕ್ಯಾಮೆರಾ ಕೊಟ್ಟೆ.

ಅಪ್ಪ ಬಹಳ ಹೊತ್ತು ನೋಡಿದ. "ಇದು ನಾನಾ?"

"ಮತ್ತೆ ಬೇಕರಿಯವನಾ?"

"ನಗ್ತೀನಿ ಅಂತ ಗೊತ್ತಿತ್ತು ಕಣೇ. ಇಷ್ಟು ಅಂತ ಗೊತ್ತಿರ್ಲಿಲ್ಲ." ಬೆಡ್‌ಶೀಟನ್ನು ಮೇಜಿನ ಮೇಲಿಟ್ಟ. "ಏನ್ ಮಾಡ್ಲಿ? ಮೈಯೆಲ್ಲ ಬಿಗಿ ಆದಾಗ ಒಳಗಿಂದ ಬರುತ್ತೆ. ಹಿಂದೆ ನಿಂತು, ಈಗ ಅಳಿಯಂದ್ರ ಪಕ್ಕದಿಂದ ಇಣುಕಿದ್ರೂ, ನೀವೆಲ್ಲ ಸಾಲಾಗಿ ಕಾಣ್ತೀರಿ. ಕತ್ತು ಬಿಗಿದುಕೊಂಡು ಎಲ್ರೂ ಒಂದೇ ಹಗ್ಗಕ್ಕೆ ಜೋತು ಬಿದ್ದಿರ್ತೀರಿ. ನಿಮ್ಮ ಚಿಕ್ಕಪ್ಪನ ಬೋಳು ತಲೆ ಬರ್ತಾ ಬರ್ತಾ ಟೊಮೆಟೊ ಆಗುತ್ತೆ. ಆಗ ಅನ್ಸುತ್ತೆ, ಇವ್ರೆಲ್ಲ ನನ್ನೋರು. ಅಷ್ಟೇ, ನಗು ಬಂದ್ಬಿಡುತ್ತೆ."

ಇಷ್ಟು ದೊಡ್ಡ ಮಾತನ್ನು ಅಪ್ಪ ಒಂದೇ ಉಸಿರಿಗೆ ಆಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಎಲ್ರಿಗೂ ತೋರಿಸ್ತೀಯಾ?"

"ನಾನಾಗಿ ತೋರ್ಸಲ್ಲ. ಅಪ್ಪ ಏನ್ ಮಾಡ್ತಿದ್ದ ಅಂತ ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಕ್ಕಾಗಲ್ಲ."

"ಗೊತ್ತು. ನಿನ್ನಂಥ ಮಗಳಿದ್ರೆ ಕಳ್ಳತನ ಮಾಡೋಕೂ ಆಗಲ್ಲ," ಎಂದ. "ಬುಧವಾರ ನಗದೆ ಎಳೀತೀನಿ, ನೋಡೋಣ."

ಸೆಪ್ಟೆಂಬರ್ 24, ಬುಧವಾರ

ಅಪ್ಪ ನಗಲಿಲ್ಲ. ನಾವು ಗೆದ್ದೆವು. ಟೈಲರ್ ಮನೆಯವರನ್ನು ಎರಡಕ್ಕೆ ಎರಡೂ ಸಲ ಎಳೆದು ಹಾಕಿದೆವು. ಚಿಕ್ಕಪ್ಪ ಹೊಸ ಶೂಗಳಿಗೆ ಮುತ್ತು ಕೊಟ್ಟ.

ನಾನು ತೆಗೆದ ಚಿತ್ರದಲ್ಲಿ ಅಪ್ಪನ ಮುಖ ಹಲ್ಲು ಕೀಳಿಸಿಕೊಳ್ಳಲು ಕೂತವರ ಮುಖದ ಹಾಗಿದೆ. ಏನು ನೆನೆಸಿಕೊಂಡೆ ಎಂದು ಕೇಳಿದರೆ, "ಹಲ್ಲು ಕೀಳಿಸಿದ್ದನ್ನ," ಎಂದ. ಹಗ್ಗ ಸುತ್ತಿಡುವಾಗ ಸಿಳ್ಳೆ ಇರಲಿಲ್ಲ. "ಗೆದ್ವಿ," ಎಂದ ನನಗೆ ಮಾತ್ರ ಕೇಳುವ ಹಾಗೆ. "ಆದ್ರೆ ಆಟ ಆಡಿದ ಹಾಗೆ ಇರ್ಲಿಲ್ಲ. ಓವರ್‌ಟೈಮ್ ಮಾಡಿದ ಹಾಗಿತ್ತು."

ಮನೆಯಲ್ಲಿ ಟಿ.ವಿ. ಮುಂದೆ ಎಲ್ಲರೂ ಸೇರಿದರು. ಗೆದ್ದ ಖುಷಿಯಲ್ಲಿ ಅಜ್ಜಿ, "ನನ್ನ ದೊಡ್ಡ ಮಗಂದು ಒಂದೂ ತೋರಿಸ್ಲೇ ಇಲ್ಲವಲ್ಲೇ?" ಎಂದಳು. ನಾನು ಅಪ್ಪನನ್ನು ನೋಡಿದೆ. ಅಪ್ಪ ತಲೆ ಆಡಿಸಿದ. ಮೊದಲು ಇವತ್ತಿನ ಹಲ್ಲುನೋವಿನ ಮುಖ ಹಾಕಿದೆ, ಆಮೇಲೆ ಭಾನುವಾರದ್ದು.

ಅಜ್ಜಿಯಿಂದ ಶುರುವಾಗಿ ಮನೆಯೇ ಬಿದ್ದುಬಿದ್ದು ನಕ್ಕಿತು. ಚಿಕ್ಕಪ್ಪ ಒಬ್ಬ ಎದ್ದು ನಿಂತಿದ್ದ. "ಅಣ್ಣಾ! ಇಷ್ಟು ವರ್ಷ ನಾನು ಶೂ ಬದಲಾಯಿಸಿದೆ, ಹಗ್ಗ ಬದಲಾಯಿಸಿದೆ, ಈ ಹುಡುಗೀನ ತೆಗೆದುಹಾಕಿದೆ, ನೀನು ಹಿಂದೆ ನಿಂತು ಹಲ್ಲು ಕಿರೀತಿದ್ಯಾ?"

"ನನ್ನ ಕಾಲೂ ಎದ್ದಿತ್ತು ಚಿಕ್ಕಪ್ಪ," ಎಂದೆ. "ಅದು ಸುಳ್ಳಲ್ಲ."

"ನೀನು ಸುಮ್ನಿರು, ನಿನ್ನ ಪರವಾಗಿ ಮಾತಾಡ್ತಿದ್ದೀನಿ!" ಅವನು ಅಪ್ಪನ ಕಡೆ ತಿರುಗಿದ. "ಭಾನುವಾರ ಕೊನೇ ಜಾಗ ಅಳಿಯಂದ್ರಿಗೆ. ನೀನು ಕುರ್ಚೀಲಿ ಕೂತು ಬೇಕಾದಷ್ಟು ನಗು."

ನಗು ಅಲ್ಲೇ ನಿಂತಿತು. ಅಪ್ಪ, "ಆಗ್ಲಿ," ಎಂದ. ಅಮ್ಮ ಎದ್ದಳು. "ಅವರು ಕುರ್ಚೀಲಿ ಕೂತ್ರೆ ಪಕ್ಕದಲ್ಲಿ ನನಗೂ ಒಂದು ಕುರ್ಚಿ ಹಾಕಿಸಿ. ನಾನೂ ಹಗ್ಗ ಮುಟ್ಟಲ್ಲ."

ಆಗ ಅಲುಗಿ ಹಾಳಾದ ಆ ಎರಡು ಚಿತ್ರ ನನಗೆ ನೆನಪಾದವು. ಅವನ್ನೂ ಹಾಕಿದೆ. "ಇವು ಯಾಕೆ ಹಾಳಾಗಿವೆ ಗೊತ್ತಾ? ಆ ಮುಖದ ಮುಂದೆ ನನ್ನ ಕೈ ನಿಲ್ಲಲಿಲ್ಲ. ನನ್ನ ಕೈಯೇ ನಿಲ್ಲದಿದ್ರೆ ಬೇಕರಿಯವನ ಕೈ ನಿಲ್ಲುತ್ತಾ? ಅಪ್ಪನ್ನ ಹಿಂದೆ ಬಚ್ಚಿಡೋ ಬದ್ಲು ಎಲ್ಲರಿಗಿಂತ ಮುಂದೆ ನಿಲ್ಲಿಸಿ. ಮುಂದಿನೋನು ಸಡಿಲ ಆದ್ರೆ ಹಿಂದೆ ಐದು ಜನ ಇದ್ದೀರಲ್ಲ."

ಚಿಕ್ಕಪ್ಪ ಬೋಳು ತಲೆ ಸವರಿಕೊಂಡ. "ಇದು ಆಟದ ನಿಯಮದಲ್ಲಿದೆಯಾ?"

"ನಗಬಾರದು ಅಂತ ಎಲ್ಲೂ ಇಲ್ಲ," ಎಂದಳು ಅಕ್ಕ.

ಅಪ್ಪ ಮಾತ್ರ ಆಮೇಲೆ ಹಿತ್ತಲಲ್ಲಿ ನನ್ನನ್ನು ಕೇಳಿದ: "ಮುಂದೆ ನಿಂತ್ರೆ ನೀವ್ಯಾರೂ ಕಾಣಲ್ವಲ್ಲೇ?"

"ನಾನು ಕಾಣ್ತೀನಿ. ಗೆರೆ ಹತ್ರಾನೇ ಮಲಗಿರ್ತೀನಿ."

ಸೆಪ್ಟೆಂಬರ್ 27, ಶನಿವಾರ

ಅಂಗಡಿಯಲ್ಲಿ ಎರಡೂ ಕ್ಯಾಮೆರಾಗಳನ್ನು ಅಕ್ಕಪಕ್ಕ ಇಟ್ಟಿದ್ದರು. ದಪ್ಪದ್ದನ್ನು ಇನ್ನೊಂದು ಸಲ ಕಣ್ಣಿಗೆ ಹಿಡಿದೆ. ಆ ಪಾರಿವಾಳ ಅಲ್ಲೇ ಇತ್ತು, ಅಥವಾ ಅದರ ತಮ್ಮ. ಆಸೆಯಾಗಲಿಲ್ಲ ಎಂದರೆ ಸುಳ್ಳು; ಟಕಟಕ ಶಬ್ದಕ್ಕೆ ಬೆರಳು ತುರಿಸಿತು.

"ಆಟದ ಫೋಟೋಗೆ ಎಲ್ರೂ ಇದನ್ನೇ ಒಯ್ಯೋದು," ಎಂದರು ಮೇಡಂ. "ನಾಳೆ ಪಶ್ಚಾತ್ತಾಪ ಪಡಬಾರದು ನೋಡು."

"ನಮ್ಮ ಮನೆಯೋರು ದೂರದಿಂದ ಚೆನ್ನಾಗಿ ಕಾಣಲ್ಲ ಮೇಡಂ."

ಪುಟ್ಟದನ್ನೇ ತೆಗೆದುಕೊಂಡೆ. ಕುತ್ತಿಗೆಗೆ ಹಾಕಿಕೊಳ್ಳಲು ಅವರು ಒಂದು ಹಳೆಯ ಪಟ್ಟಿ ಕೊಟ್ಟರು.

ಸೆಪ್ಟೆಂಬರ್ 28, ಭಾನುವಾರ

ಕ್ರಮವಾಗಿ ಬರೆಯುತ್ತೇನೆ.

ಕೊನೆಯ ಪಂದ್ಯ ನಮಗೂ ಬೇಕರಿ ಮನೆಯವರಿಗೂ. ಅವರ ಮುಂಚೂಣಿಯಲ್ಲಿ ಬೇಕರಿಯವನೇ. ತೋಳು ಎರಡು ತೊಲೆ, ಮುಖ ಮುಚ್ಚಿದ ಒಲೆಯ ಬಾಗಿಲು. ಈ ಮನುಷ್ಯ ನಕ್ಕದ್ದನ್ನು ಬೀದಿಯಲ್ಲಿ ಯಾರೂ ನೋಡಿಲ್ಲ. ಅವನ ಎದುರು ನಮ್ಮ ಅಪ್ಪ; ನಮ್ಮ ಬೀದಿಯ ಆಟದಲ್ಲಿ ಮುಂದಿನ ಇಬ್ಬರೂ ಗೆರೆಗೆ ಅಂಟಿಕೊಂಡೇ ನಿಲ್ಲುವುದು. ಕೊನೆಯಲ್ಲಿ ಹಗ್ಗ ಸುತ್ತಿಕೊಂಡು ಭಾವ. ಅಪ್ಪನ ಹಿಂದೆಯೇ ನಿಂತ ಚಿಕ್ಕಪ್ಪನಿಗೆ ನಾಯಕತ್ವ ಇತ್ತು, ಮುಂದಿನ ಜಾಗ ಇರಲಿಲ್ಲ. ಅದಕ್ಕಾಗಿ ಎರಡು ಪಟ್ಟು ಕಿರುಚುತ್ತಿದ್ದ. ನಾನು ನಡುವಿನ ಗೆರೆಯ ಪಕ್ಕ ಮಣ್ಣಿಗೆ ಅಂಟಿಕೊಂಡಿದ್ದೆ.

ಮೊದಲ ಸಲ ಅಪ್ಪ ಗಾಬರಿಯಲ್ಲಿ ಮತ್ತೆ ಹಲ್ಲು ಕೀಳಿಸಿದ್ದನ್ನು ನೆನೆದುಕೊಂಡ. ಮುಖ ಹುಣಿಸೆಹಣ್ಣಾಗಿತ್ತು. ಬೇಕರಿಯವನು ಅದನ್ನು ನೋಡಿ ಇನ್ನಷ್ಟು ಉಗ್ರನಾದ. ಎಳೆದೇ ಬಿಟ್ಟರು. ಸೋತೆವು.

"ಅಪ್ಪಾ," ಎಂದೆ ಮಣ್ಣಿನಿಂದಲೇ. "ಹಲ್ಲಿನ ಯೋಚನೆ ಬಿಡು. ಚಿಕ್ಕಪ್ಪನ ತಲೆ ಟೊಮೆಟೊ ಆಗಿದೆ."

"ಆಗಿದೆಯಾ?"

"ಬದನೆಕಾಯಿಗೆ ತಿರುಗ್ತಿದೆ."

"ಯಾರ ತಲೆ?" ಎಂದು ಹಿಂದಿನಿಂದ ಚಿಕ್ಕಪ್ಪ. ಅಷ್ಟರಲ್ಲಿ ಸೀಟಿ.

ಎರಡನೇ ಸಲ ಅಪ್ಪನಿಗೆ ಬಂತು. ಗಲ್ಲ ಅದುರಿತು, ಕೆನ್ನೆ ಉಬ್ಬಿತು, ಕಣ್ಣು ಮುಚ್ಚಿತು. ಒಂದು ಮೊಳದಾಚೆ ಬೇಕರಿಯವನು ಗುಮ್ಮನ ಹಾಗೆ ದುರುಗುಟ್ಟುತ್ತಿದ್ದ. ಅಪ್ಪ ಕಣ್ಣು ತೆರೆದು ಆ ಮುಖವನ್ನು ನೋಡಿ ಮತ್ತಷ್ಟು ನಕ್ಕ. ಬೇಕರಿಯವನ ಮೂಗಿನ ಹೊಳ್ಳೆ ಅರಳಿತು. ತುಟಿಯ ಒಂದು ಮೂಲೆ ಸೊಟ್ಟಗಾಯಿತು. ಅವನು ಆಕಾಶ ನೋಡಿದ, ನೆಲ ನೋಡಿದ, ನೆಲದಲ್ಲಿ ಬಿದ್ದಿದ್ದ ನನ್ನನ್ನು ನೋಡಿದ. ಎಲ್ಲಿ ನೋಡಿದರೂ ಉಪಯೋಗವಾಗಲಿಲ್ಲ, 'ಪುಸ್' ಎಂದು ಒಂದು ಸದ್ದು ಹೊರಟಿತು. ಅವರ ಸಾಲು ಎರಡು ಹೆಜ್ಜೆ ಜಾರಿತು. ಗೆದ್ದೆವು.

"ರೀ, ಏನಾಯ್ತು ನಿಮಗೆ?" ಎಂದು ಅವರ ಸಾಲಿನ ಹಿಂದಿನಿಂದ ಬೇಕರಿಯವನ ಹೆಂಡತಿ ಕೂಗಿದರು. ಪಾಪ, ಅವರಿಗೆ ಕಾಣುವುದು ಬೆನ್ನು ಮಾತ್ರ.

ಮೂರನೇ ಸಲ ಇಬ್ಬರೂ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ ಎಂದು ಶಪಥ ಮಾಡಿದವರ ಹಾಗೆ ತಲೆ ತಗ್ಗಿಸಿ ಶುರು ಮಾಡಿದರು. ಹಗ್ಗ ನಡುಗಿತು. ಎರಡೂ ಕಡೆ ಮಣ್ಣಿನ ಗುಡ್ಡಗಳು ಬೆಳೆದವು. ಬೀದಿಯೆಲ್ಲ ಕೂಗುತ್ತ ಕೆಂಪು ಬಟ್ಟೆಯನ್ನೇ ನೋಡುತ್ತಿತ್ತು. ನಾನು ಕಾದೆ. ಅಪ್ಪ ಮೆಲ್ಲಗೆ ಒಂದು ಕಣ್ಣು ಎತ್ತಿದ, ಅದೇ ಗಳಿಗೆಗೆ ಬೇಕರಿಯವನೂ ಎತ್ತಿದ. ಇಬ್ಬರದೂ ಕಟ್ಟೆ ಒಡೆಯಿತು. ಹಗ್ಗ ಬಿಗಿಯಾಗಿಯೇ ಇದೆ, ನರಗಳು ಎದ್ದಿವೆ, ಕಣ್ಣಲ್ಲಿ ನೀರು, ಇಬ್ಬರು ದೊಡ್ಡ ಗಂಡಸರು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಚಿಕ್ಕ ಮಕ್ಕಳ ಹಾಗೆ ನಗುತ್ತಿದ್ದಾರೆ. ನಾನು ಉಸಿರು ಹಿಡಿದು ಒತ್ತಿದೆ. ಒಂದೇ ಸಲ. ಕೈ ಅಲುಗಲಿಲ್ಲ.

ಚಿಕ್ಕಪ್ಪ ಊಳಿಟ್ಟದ್ದು ಕೇಳಿದ ಮೇಲೆಯೇ ನಾವು ಗೆದ್ದದ್ದು ನನಗೆ ಗೊತ್ತಾಗಿದ್ದು.

ಎಲ್ಲರೂ ಮಣ್ಣಲ್ಲಿ ಉರುಳಿ ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಬೇಕರಿಯವನ ಹೆಂಡತಿ ನನ್ನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ನೋಡಿ, ಗಂಡನನ್ನು ನೋಡಿ, ಮತ್ತೆ ಚಿತ್ರವನ್ನು ನೋಡಿದರು. "ಸೋತಿದ್ದಕ್ಕೆ ಬೈಯೋಣ ಅಂತ ಬಂದೆ," ಎಂದರು. "ನಮ್ಮ ಮನೆಗೂ ಇದೊಂದು ಬೇಕಮ್ಮ. ದೊಡ್ಡದಾಗಿ. ಅಂಗಡೀಲಿ ಹಾಕ್ತೀನಿ, ಗಿರಾಕಿಗಳಿಗೆ ಧೈರ್ಯ ಬರಲಿ."

ಸಂಜೆ ಟಿ.ವಿ. ಮುಂದೆ ಚಿಕ್ಕಪ್ಪ ನನ್ನನ್ನು ಅವಸರ ಮಾಡಿದ. "ಬೇಗ ಹಾಕು, ಕೆಂಪು ಬಟ್ಟೆ ನಮ್ಮ ಗೆರೆ ದಾಟಿದ್ದನ್ನ ಹಾಕು. ಇಷ್ಟು ವರ್ಷಕ್ಕೆ ಮೊದಲ್ನೇ ಸಲ."

"ಅದು ಇಲ್ಲ."

"ಇಲ್ಲ ಅಂದ್ರೆ?"

"ತೆಗೀಲಿಲ್ಲ."

"ಗೆದ್ದದ್ದನ್ನೇ ತೆಗೀಲಿಲ್ವಾ? ಗೆರೆ ಪಕ್ಕಾನೇ ಬಿದ್ಕೊಂಡಿದ್ಯಲ್ಲೇ! ಏನ್ ನೋಡ್ತಿದ್ದೆ ಮತ್ತೆ?"

"ಅಪ್ಪನ್ನ."

ಟಿ.ವಿ.ಯಲ್ಲಿ ಆ ಚಿತ್ರ ಬಂತು. ಅಪ್ಪ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಮ್ಮನ ಹೆಗಲ ಹಿಂದೆ ಮುಖ ಮರೆಸಿಕೊಂಡ. ಚಿಕ್ಕಪ್ಪ ಎದ್ದು ಹೋಗಿ ಪರದೆಯ ಹತ್ತಿರ, ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದ. ಬಹಳ ಹೊತ್ತು ನೋಡಿದ.

"ಇದನ್ನೇ ದೊಡ್ಡದು ಮಾಡ್ಸು," ಎಂದ ಕೊನೆಗೆ. "ಬೇಕರಿಯವನನ್ನ ಕತ್ತರಿಸ್ಬೇಡ. ಅವನೂ ಇರ್ಲಿ."